ಸಹಾಯ ಬೇಕು: ಶಿರಸಿಗೆ ಹತ್ತಿರದಲ್ಲಿ ಫೈಬ್ರೋಸ್ಕ್ಯಾನ್ (ಯಕೃತ್ತು ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಸ್ಕ್ಯಾನ್) ಎಲ್ಲಿ ಮಾಡುತ್ತಾರೆ?

ಎಲ್ಲರಿಗೂ ನಮಸ್ಕಾರ. ಶಿರಸಿ ಸಮೀಪದ ಹಳ್ಳಿಯಲ್ಲಿ ಅಡಿಕೆ ತೋಟ ನೋಡಿಕೊಂಡಿರುವ, ಮದ್ಯದ ಅಭ್ಯಾಸವೇ ಇಲ್ಲದ ನನ್ನ 52 ವರ್ಷದ ಅಣ್ಣನಿಗೆ ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ (ಯಕೃತ್ತಿನಲ್ಲಿ ಕೊಬ್ಬು ಸೇರುವುದು) ಕಂಡುಬಂದಿದೆ. ರಕ್ತಪರೀಕ್ಷೆಯಲ್ಲಿ ಯಕೃತ್ತಿನ ಕಿಣ್ವಗಳಾದ ಎಎಸ್‌ಟಿ 48, ಎಎಲ್‌ಟಿ 64, ಪ್ಲೇಟ್‌ಲೆಟ್ 1.9 ಲಕ್ಷ, ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡ್ 236, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) 34, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) 6.1 ಎಂದಿದೆ.

ವಯಸ್ಸು, ಎಎಸ್‌ಟಿ, ಎಎಲ್‌ಟಿ ಮತ್ತು ಪ್ಲೇಟ್‌ಲೆಟ್ ಸೇರಿಸಿ ಲೆಕ್ಕ ಹಾಕುವ ಫಿಬ್-4 ಅಂಕ ಸುಮಾರು 1.64 ಆಗುತ್ತದೆ. ಇದು 1.3ಕ್ಕಿಂತ ಕಡಿಮೆಯಿದ್ದರೆ ಯಕೃತ್ತು ಗಟ್ಟಿಯಾಗಿರುವ ಸಾಧ್ಯತೆ ಕಡಿಮೆ, 2.67 ದಾಟಿದರೆ ಹೆಚ್ಚು. ನಡುವಿನ ಅಂಕದಿಂದ ಏನನ್ನೂ ನಿಶ್ಚಯಿಸಲಾಗದ ಕಾರಣ ವೈದ್ಯರು ಫೈಬ್ರೋಸ್ಕ್ಯಾನ್ ಮಾಡಿಸಲು ಬರೆದುಕೊಟ್ಟಿದ್ದಾರೆ. "ಸ್ವಲ್ಪವೇ ಹೆಚ್ಚಿದೆ, ಏನೂ ಆಗೂದಿಲ್ಲ" ಎಂದು ಅಣ್ಣ ತಳ್ಳಿಹಾಕುತ್ತಿದ್ದಾನೆ. ಎಎಲ್‌ಟಿ ಪೂರ್ತಿ ಸಹಜವಾಗಿರುವವರಲ್ಲೂ ಫೈಬ್ರೋಸಿಸ್ (ಯಕೃತ್ತು ಗಟ್ಟಿಯಾಗುವುದು) ಇರಬಹುದಾದ್ದರಿಂದ ನನಗಂತೂ ಸಮಾಧಾನವಿಲ್ಲ.

ಈ ಪರೀಕ್ಷೆ ಶಿರಸಿ, ಕುಮಟಾ, ಕಾರವಾರದಲ್ಲಿ ಎಲ್ಲಾದರೂ ಲಭ್ಯವಿದೆಯೇ, ಅಥವಾ ಹುಬ್ಬಳ್ಳಿಗೇ ಹೋಗಬೇಕೇ? ಇತ್ತೀಚೆಗೆ ಮಾಡಿಸಿದವರು ತಗಲುವ ಖರ್ಚನ್ನು ದಯವಿಟ್ಟು ತಿಳಿಸಿ. ಹಾಗೆಯೇ, ಬೆಳಿಗ್ಗೆ ತೆಳ್ಳೇವಿನ ಮೇಲೆ ಜೋನಿಬೆಲ್ಲ ಸುರಿದುಕೊಂಡು ಎರಡು ಹೊತ್ತು ಅನ್ನ ಉಣ್ಣುವ ನಮ್ಮಂಥ ಮನೆಗಳಲ್ಲಿ ಊಟ ಬದಲಿಸಿ ಟ್ರೈಗ್ಲಿಸರೈಡ್ ಇಳಿಸಿಕೊಂಡವರಿದ್ದರೆ, ಮೊದಲು ಯಾವುದನ್ನು ಬಿಟ್ಟಿರಿ ಎಂಬುದನ್ನೂ ಬರೆಯಿರಿ. ಅದನ್ನು ವೈದ್ಯರ ಮುಂದಿಟ್ಟೇ ಪಾಲಿಸುತ್ತೇವೆ.