ನಾನು ಮಾಡಿದ ಕಮಿಟ್ ಬೇರೆಯವರ ಹೆಸರಲ್ಲಿ ಕಾಣುತ್ತಿದೆ (ಗಿಟ್‌ಹಬ್)

ನೀರ್ಚಾಲಿನವ:
ಕಾಸರಗೋಡಿನ ಊರುಗಳ ಕನ್ನಡ ಹೆಸರಿನ ಪಟ್ಟಿಯೊಂದನ್ನು ನಾಲ್ಕೈದು ಜನ ಸೇರಿ ಮಾಡುತ್ತಿದ್ದೇವೆ. ಬದಿಯಡ್ಕದಲ್ಲಿ ಇರುವುದು ಒಂದೇ ಕಂಪ್ಯೂಟರ್, ಸರದಿಯಲ್ಲಿ ಕೂರುತ್ತೇವೆ. ನಿನ್ನೆ ‘ಕುಂಬ್ಳ’ ಅಂತ ಇದ್ದದ್ದನ್ನು ‘ಕುಂಬಳೆ’ ಮಾಡಿದ್ದು ನಾನು, ಆ ಬದಲಾವಣೆಯನ್ನು ಕಮಿಟ್ ಮಾಡಿ (ದಾಖಲಿಸಿ), ನನ್ನ ಟೋಕನ್ (ಪಾಸ್‌ವರ್ಡ್ ಥರದ ಗುಟ್ಟಿನ ಕೋಡ್) ಹಾಕಿಯೇ ಗಿಟ್‌ಹಬ್ ಸೈಟಿಗೆ ಪುಶ್ ಮಾಡಿದ್ದು (ಕಳಿಸಿದ್ದು). ಸೈಟ್‌ನಲ್ಲಿ ನೋಡಿದರೆ ನಮ್ಮ ಜೊತೆಯ ಶ್ಯಾಮಣ್ಣನ ಫೋಟೋ! ಮನೆಯ ಲ್ಯಾಪ್‌ಟಾಪಿನಿಂದ ಮಾಡಿದ್ದಕ್ಕೆ ನನ್ನ ಹೆಸರೇನೋ ಇದೆ, ಆದರೆ ಫೋಟೋ ಇಲ್ಲ, ಒತ್ತಿದರೆ ಪ್ರೊಫೈಲ್ ತೆರೆಯುವುದಿಲ್ಲ. ಇದೆಂತ ಮಾರಾಯ್ರೆ, ಅಕೌಂಟ್ ಹ್ಯಾಕ್ ಆಯ್ತಾ?

ಪೆರ್ಲದಕ್ಕ:
ಹ್ಯಾಕೂ ಇಲ್ಲ, ಎಂತದೂ ಇಲ್ಲ. ಟೋಕನ್ ಬೇಕಾಗುವುದು ಪುಶ್ ಮಾಡುವಾಗ, ಆ ರೆಪೊಗೆ (ಫೈಲುಗಳ ಸಂಗ್ರಹಕ್ಕೆ) ಬರೆಯುವ ಹಕ್ಕು ನಿಮಗಿದೆಯೋ ಅಂತ ನೋಡಲಿಕ್ಕೆ. ಕಮಿಟ್ ಅದಕ್ಕೂ ಮೊದಲೇ ಆಗಿರುತ್ತದೆ, ನೆಟ್ ಇಲ್ಲದಿದ್ದರೂ ಆಗುತ್ತದೆ. ಆಗ ಕಾನ್ಫಿಗ್‌ನಲ್ಲಿ (ಆ ಕಂಪ್ಯೂಟರಿನ ಸೆಟ್ಟಿಂಗಿನಲ್ಲಿ) ಯಾರ ಹೆಸರು, ಇಮೇಲ್ ಇದೆಯೋ ಅದನ್ನೇ ಗಿಟ್ (ಬದಲಾವಣೆಗಳನ್ನು ದಾಖಲಿಸುವ ಪ್ರೋಗ್ರಾಂ) ಕಮಿಟ್‌ನೊಳಗೆ ಬರೆದುಬಿಡುತ್ತದೆ. ನಿಜವೋ ಸುಳ್ಳೋ ಕೇಳುವುದಿಲ್ಲ. ಅಕೌಂಟ್ ಅಂದರೆ ಎಂತ ಅಂತಲೇ ಅದಕ್ಕೆ ಗೊತ್ತಿಲ್ಲ. 2005ರಲ್ಲಿ ಲಿನಕ್ಸ್ ಕರ್ನೆಲ್‌ಗಾಗಿ ಗಿಟ್ ಹುಟ್ಟಿದಾಗ ಪ್ಯಾಚ್‌ಗಳು (ಬದಲಾವಣೆಯ ತುಣುಕುಗಳು) ಇಮೇಲಿನಲ್ಲಿ ಬರುತ್ತಿದ್ದವು, ಬರೆದವರೊಬ್ಬರು, ಸೇರಿಸುವವರೊಬ್ಬರು. ಆಥರ್, ಕಮಿಟರ್ ಅಂತ ಎರಡೆರಡು ಸಾಲು ಇರುವುದು ಅದಕ್ಕೇ.

ಗಿಟ್‌ಹಬ್ ನೋಡುವುದು ಇಮೇಲ್ ಒಂದನ್ನೇ. ಅದು ಯಾರ ಅಕೌಂಟಿನಲ್ಲಿದೆಯೋ ಅವರ ಫೋಟೋ. ಯಾರದ್ದೂ ಅಲ್ಲದಿದ್ದರೆ ಬರೀ ಹೆಸರು. ‘ಗಿಟ್ ಲಾಗ್ --ಫಾರ್ಮ್ಯಾಟ್=ಫುಲ್ಲರ್’ ಕೊಟ್ಟು ನೋಡಿ, ಯಾವ ಇಮೇಲ್ ಹೋಗಿದೆ ಅಂತ ಕಾಣುತ್ತದೆ.

ನೀರ್ಚಾಲಿನವ:
ಹೌದಕ್ಕ, ಬದಿಯಡ್ಕದಲ್ಲಿ ಗ್ಲೋಬಲ್ ಕಾನ್ಫಿಗ್ (ಎಲ್ಲ ರೆಪೊಗಳಿಗೂ ಒಂದೇ ಸೆಟ್ಟಿಂಗ್) ಶ್ಯಾಮಣ್ಣನದ್ದೇ. ಲ್ಯಾಪ್‌ಟಾಪಿನಲ್ಲಿ ನನ್ನ ಕಾಲೇಜಿನ ಹಳೇ ಇಮೇಲ್, ಅದು ಈಗ ಬಂದ್.

ಉಪ್ಪಳ_ಲಿನಕ್ಸ್:
ಫಿಲ್ಟರ್-ರೆಪೊ (ಹಳೇ ಕಮಿಟ್‌ಗಳನ್ನು ಮತ್ತೆ ಬರೆಯುವ ಟೂಲ್) ಓಡಿಸಿ, ಎಲ್ಲವನ್ನೂ ಒಂದೇ ಸಲ ತಿದ್ದಬಹುದು.

ಪೆರ್ಲದಕ್ಕ:
ತಿದ್ದಬಹುದು ತಮ್ಮಾ, ಆದರೆ ಹ್ಯಾಶ್ (ಕಮಿಟ್‌ಗಳ ಗುರುತಿನ ಸಂಖ್ಯೆ) ಎಲ್ಲ ಬದಲಾಗಿ ಪ್ರತಿಯೊಬ್ಬರೂ ಹೊಸದಾಗಿ ಕ್ಲೋನ್ (ರೆಪೊದ ಪ್ರತಿ) ಮಾಡಬೇಕು. ಒಂದು ಫೋಟೋಗೋಸ್ಕರ ಅಷ್ಟೆಲ್ಲ ಬೇಡ. ಹಳೇ ಇಮೇಲ್ ಚಾಲ್ತಿಯಲ್ಲಿದ್ದಿದ್ದರೆ ಅಕೌಂಟಿಗೆ ಸೇರಿಸಿ ವೆರಿಫೈ ಮಾಡಿದರೆ ಸಾಕಿತ್ತು, ಹಿಂದಿನವೂ ತಾವಾಗಿ ಸೇರಿಕೊಳ್ಳುತ್ತಿದ್ದವು. ಈಗ ‘.ಮೇಲ್‌ಮ್ಯಾಪ್’ ಫೈಲಿನಲ್ಲಿ ಹೊಸ ಇಮೇಲ್, ಹಳೇ ಇಮೇಲ್ ಒಂದೇ ಸಾಲಿನಲ್ಲಿ ಬರೆದಿಡಿ, ಶಾರ್ಟ್‌ಲಾಗ್‌ನಲ್ಲಾದರೂ (ಯಾರ ಕಮಿಟ್ ಯಾವುದು ಅಂತ ಗಿಟ್ ತೋರಿಸುವ ಪಟ್ಟಿಯಲ್ಲಿ) ಸರಿಯಾಗಿ ಬರುತ್ತದೆ.

ಬದಿಯಡ್ಕದ ಕಂಪ್ಯೂಟರಿನಲ್ಲಿ ಗ್ಲೋಬಲ್ ಹೆಸರು, ಇಮೇಲ್ ಎರಡೂ ತೆಗೆದುಹಾಕಿ, ‘ಯೂಸರ್.ಯೂಸ್‌ಕಾನ್ಫಿಗ್‌ಓನ್ಲಿ’ ಅನ್ನು ಟ್ರೂ ಮಾಡಿ. ಆಮೇಲೆ ಇಮೇಲ್ ಕೊಡದೆ ಕಮಿಟ್ ಮಾಡಲು ಹೋದರೆ ಗಿಟ್ಟೇ ತಡೆಯುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಫೋಲ್ಡರಿನಲ್ಲಿ ಕ್ಲೋನ್, ಅದರೊಳಗೆ ಅವರವರ ಲೋಕಲ್ ಕಾನ್ಫಿಗ್. ಇಮೇಲ್ ಲೋಕಕ್ಕೆಲ್ಲ ಕಾಣುತ್ತದೆ, ಹಾಗಾಗಿ ನಿಜ ಇಮೇಲ್ ಮುಚ್ಚಿಡಲು ಗಿಟ್‌ಹಬ್ ಕೊಡುವ ‘ನೋರಿಪ್ಲೈ’ ವಿಳಾಸ ಹಾಕುವುದೇ ಒಳ್ಳೆಯದು.

ಉಪ್ಪಳ_ಲಿನಕ್ಸ್:
ಅಂದರೆ ನಾನು ಅಕ್ಕನ ಇಮೇಲ್ ಹಾಕಿ ಕಮಿಟ್ ಮಾಡಿದರೂ ನಡೆಯುತ್ತದಾ?

ಪೆರ್ಲದಕ್ಕ:
ನಡೆಯುತ್ತದೆ! ಡಿಜಿಟಲ್ ಸಹಿ ಹಾಕಿದ ಕಮಿಟ್‌ಗೆ ಮಾತ್ರ ‘ವೆರಿಫೈಡ್’ ಗುರುತು ಬರುವುದು. ಗಿಟ್ 2.34ರಿಂದ ಎಸ್‌ಎಸ್‌ಎಚ್ ಕೀಯಿಂದಲೂ (ಲಾಗಿನ್‌ಗೆ ಬಳಸುವ ಗುಟ್ಟಿನ ಕೀ) ಸಹಿ ಹಾಕಬಹುದು.

ನೀರ್ಚಾಲಿನವ:
ಫೋಲ್ಡರ್ ಬೇರೆ ಮಾಡಿದೆವು, ಹೊಸ ಕಮಿಟ್‌ಗೆ ನನ್ನ ಫೋಟೋ ಬಂತು. ಹಳೆಯದ್ದನ್ನು ಮುಟ್ಟಬೇಡಿ, ತನ್ನ ಪ್ರೊಫೈಲಿನ ಗ್ರಾಫ್ (ಕಮಿಟ್ ಲೆಕ್ಕ ತೋರಿಸುವ ಚೌಕಗಳು) ಹಸಿರಾಗಿ ಚಂದ ಕಾಣುತ್ತದೆ ಅಂತಿದ್ದಾರೆ ಶ್ಯಾಮಣ್ಣ.