‘ಸ್ಲೀಪ್ ಪ್ಯಾರಾಲಿಸಿಸ್’ಗೆ ‘ನಿದ್ರಾ ಪಾರ್ಶ್ವವಾಯು’ ಸರಿಯೇ?

ಎಲ್ಲರಿಗೂ ನಮಸ್ಕಾರ.

ನಿದ್ದೆಯ ತೊಂದರೆಗಳ ಬಗ್ಗೆ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಸ್ಲೀಪ್ ಪ್ಯಾರಾಲಿಸಿಸ್‌ಗೆ ಕನ್ನಡದ ಹೆಸರು ಬೇಕಾಗಿದೆ. ನಿದ್ದೆಯಿಂದ ಎಚ್ಚರವಾದರೂ ಸ್ವಲ್ಪ ಹೊತ್ತು ಮೈ ಅಲ್ಲಾಡಿಸಲು ಆಗದಿರುವುದಕ್ಕೆ ಹಾಗೆನ್ನುತ್ತಾರೆ. ಬಹಳ ಕಡೆ ‘ನಿದ್ರಾ ಪಾರ್ಶ್ವವಾಯು’ ಎಂದು ಬರೆಯುತ್ತಾರೆ. ನನಗೆ ಅದು ಒಗ್ಗುತ್ತಿಲ್ಲ. ಪಾರ್ಶ್ವ ಎಂದರೆ ಮಗ್ಗುಲು. ಪಾರ್ಶ್ವವಾಯು ಎಂದರೆ ಒಂದು ಮಗ್ಗುಲು ಬಿದ್ದುಹೋಗುವ ಕಾಯಿಲೆ, ಆಡುಮಾತಿನ ಲಕ್ವ. ಇಲ್ಲಿ ಎಡ-ಬಲ ಎಂಬುದೇ ಇಲ್ಲ, ಇಡೀ ಮೈ ಅಲ್ಲಾಡುವುದಿಲ್ಲ. ಮಿದುಳಿಗೆ ಪೆಟ್ಟೂ ಬಿದ್ದಿರುವುದಿಲ್ಲ. ಮೊದಲ ಸಲ ಹೀಗಾಗಿ ಬೆವತುಹೋದವರು ಈ ಹೆಸರು ಓದಿದರೆ, ‘ನನಗೆ ಲಕ್ವ ಹೊಡೆಯಿತಾ?’ ಎಂದು ಇನ್ನೂ ಜಾಸ್ತಿ ಹೆದರುತ್ತಾರೆ, ಅಲ್ವಾ?

ಇಂಗ್ಲಿಷಿನಲ್ಲಿ ಈ ಹೆಸರನ್ನು 1928ರಲ್ಲಿ ಬಳಕೆಗೆ ತಂದವರು ನರರೋಗ ವೈದ್ಯ ಕಿನ್ನಿಯರ್ ವಿಲ್ಸನ್. ಅಲ್ಲಿ ‘ಪ್ಯಾರಾಲಿಸಿಸ್’ ಎಂದರೆ ಮೈಯ ಯಾವ ಭಾಗದ ಚಲನೆ ನಿಂತರೂ ಆಯಿತು. ಕನ್ನಡಕ್ಕೆ ತರುವಾಗ ಅದು ಸುಮ್ನೆ ಒಂದು ಮಗ್ಗುಲಿಗೆ ಇಳಿದುಬಿಟ್ಟಿದೆ.

ಒಳಗೆ ಆಗುವುದು ಇಷ್ಟು. ಕನಸು ದಟ್ಟವಾಗಿ ಬೀಳುವ ನಿದ್ದೆಗೆ ರೆಮ್ ನಿದ್ದೆ ಎನ್ನುತ್ತಾರೆ. ಆ ಹೊತ್ತಿನಲ್ಲಿ ಮಿದುಳು ಕೈಕಾಲಿನ ಸ್ನಾಯುಗಳಿಗೆ ತಡೆ ಹಾಕಿರುತ್ತದೆ. ಕನಸಿನಲ್ಲಿ ಓಡಿದರೆ ಹಾಸಿಗೆಯಲ್ಲಿ ಕಾಲು ಓಡದಿರುವುದು ಇದರಿಂದಲೇ. ಕಣ್ಣಿನ ಮತ್ತು ಉಸಿರಾಟದ ಮುಖ್ಯ ಸ್ನಾಯುಗಳಿಗೆ ಮಾತ್ರ ಈ ತಡೆ ಇರುವುದಿಲ್ಲ. ಒಮ್ಮೊಮ್ಮೆ ಎಚ್ಚರ ಮೊದಲು ಬಂದು, ತಡೆ ಆಮೇಲೆ ತೆಗೆಯುತ್ತದೆ. ಆ ನಡುವಿನ ಹೊತ್ತಿನಲ್ಲಿ ಸೂರು ಕಾಣುತ್ತದೆ, ಗಡಿಯಾರದ ಸದ್ದು ಕೇಳುತ್ತದೆ, ಕೂಗಲು ಹೋದರೆ ದನಿ ಹೊರಡುವುದಿಲ್ಲ. ಕನಸಿನ ಚೂರುಗಳೂ ಎಚ್ಚರದೊಳಗೆ ನುಗ್ಗುತ್ತವೆ. ಬಾಗಿಲ ಬಳಿ ಯಾರೋ ನಿಂತ ಹಾಗೆ, ಎದೆ ಮೇಲೆ ಯಾರೋ ಕೂತ ಹಾಗೆ. ಉಸಿರು ತಾನಾಗಿ ಆಡುತ್ತಲೇ ಇರುತ್ತದೆ. ಆದರೆ ಬೇಕೆಂದು ಉದ್ದಕ್ಕೆ ಎಳೆದುಕೊಳ್ಳಲು ಆಗುವುದಿಲ್ಲ, ಎದೆ ಭಾರವಾಗುವುದಕ್ಕೆ ಇದೂ ಒಂದು ಕಾರಣ. ಸಾಮಾನ್ಯವಾಗಿ ಕೆಲವು ಸೆಕೆಂಡಿನಿಂದ ಒಂದೆರಡು ನಿಮಿಷದೊಳಗೆ ಎಲ್ಲ ಮುಗಿಯುತ್ತದೆ.

ಈಗ ಪದಗಳಿಗೆ ಬರೋಣ. ‘ಮರಗಟ್ಟುವುದು’ ಹೊಂದುವುದಿಲ್ಲ. ಮರಗಟ್ಟಿದ ಕಾಲಿಗೆ ಮುಟ್ಟಿದ್ದು ತಿಳಿಯುವುದಿಲ್ಲ, ಇಲ್ಲಿ ಹೊದಿಕೆಯ ಭಾರ ಕೂಡ ತಿಳಿಯುತ್ತದೆ. ‘ಸೆಡೆತ’ ಅಂದರೆ ಬಿಗಿಯುವುದು, ಇಲ್ಲಿ ಸ್ನಾಯುಗಳು ಸಡಿಲವಾಗಿರುತ್ತವೆ. ‘ನಿದ್ರಾ ಸ್ತಂಭನ’ ಎಂದರೆ ನಿದ್ದೆಯೇ ನಿಂತುಹೋದ ಹಾಗೆ ಕೇಳುತ್ತದೆ. ‘ದೆವ್ವ ಅಮುಕಿತು’ ಎಂಬ ಮಾತು ಅನುಭವಕ್ಕೆ ತುಂಬ ಹತ್ತಿರ. ಅಷ್ಟು ಚೆನ್ನಾಗಿ ಹಿಡಿದುಕೊಟ್ಟ ಮಾತನ್ನು ಬಿಡಲು ಮನಸ್ಸಿಲ್ಲ. ಆದರೆ ಕೈಪಿಡಿಯ ತಲೆಬರಹದಲ್ಲಿ ಅದು ಕಾರಣವನ್ನೇ ತಪ್ಪಾಗಿ ಹೇಳಿಬಿಡುತ್ತದೆ.

ನನಗೆ ಹಿಡಿಸಿರುವುದು ‘ಕಟ್ಟು’. ಮೂಗು ಕಟ್ಟುತ್ತದೆ, ಗಂಟಲು ಕಟ್ಟುತ್ತದೆ, ಕಿವಿ ಕಟ್ಟುತ್ತದೆ. ಕಟ್ಟಿದ್ದು ಸ್ವಲ್ಪ ಹೊತ್ತಿಗೆ ಬಿಡುತ್ತದೆ ಎಂಬ ಧೈರ್ಯ ಆ ಪದದೊಳಗೇ ಇದೆ. ‘ಮೈ ಕಟ್ಟಿತ್ತು, ಆಮೇಲೆ ಬಿಟ್ಟಿತು’ ಎಂದರೆ ಯಾರಿಗೂ ಅರ್ಥವಾಗುತ್ತದೆ. ಜಪಾನಿ ಭಾಷೆಯಲ್ಲಿ ಇದಕ್ಕಿರುವ ‘ಕನಶಿಬಾರಿ’ ಎಂಬ ಪದದಲ್ಲೂ ಕಟ್ಟಿಹಾಕುವ ಅರ್ಥವೇ ಇದೆ. ತೊಡಕು ನಾಮಪದದಲ್ಲಿ. ‘ಮೈಕಟ್ಟು’ ಎಂದರೆ ಅಂಗಸೌಷ್ಠವ ಎಂದಾಗುತ್ತದೆ. ‘ನಿದ್ದೆಗಟ್ಟು’ ಮಾಡೋಣವೆಂದರೆ ‘ನಿದ್ದೆಗೆಟ್ಟು’ ಎಂದು ಓದಿಕೊಳ್ಳುತ್ತಾರೆ.

ಪದ ಬಳಕೆಗೆ ಒದಗಬೇಕಾದ ವಾಕ್ಯಗಳನ್ನೂ ಹೇಳಿಬಿಡುತ್ತೇನೆ. ನಿದ್ದೆ ಸಾಲದವರಿಗೆ, ಮಲಗುವ ಹೊತ್ತು ದಿನಕ್ಕೊಂದು ಥರ ಆಗುವವರಿಗೆ, ಪಾಳಿ ಕೆಲಸದವರಿಗೆ ಇದು ಜಾಸ್ತಿ. ಅಂಗಾತ ಮಲಗಿದಾಗ ಜಾಸ್ತಿ. ಆತಂಕ, ಹಳೆಯ ಆಘಾತದ ನೆನಪು ಇರುವವರಲ್ಲೂ ಹೆಚ್ಚು ಕಾಣುತ್ತದೆ. 35 ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2011ರ ಒಂದು ಪರಿಶೀಲನೆಯ ಪ್ರಕಾರ, ಬದುಕಿನಲ್ಲಿ ಒಮ್ಮೆಯಾದರೂ ಹೀಗಾದವರು ಜನಸಾಮಾನ್ಯರಲ್ಲಿ ಶೇ 7.6, ವಿದ್ಯಾರ್ಥಿಗಳಲ್ಲಿ ಶೇ 28.3. ಅಪರೂಪಕ್ಕೆ ಆದರೆ ಅಪಾಯವಿಲ್ಲ. ಪದೇ ಪದೇ ಆಗುತ್ತಿದ್ದು, ಹಗಲಲ್ಲಿ ತಡೆಯಲಾಗದಷ್ಟು ನಿದ್ದೆ ಬಂದರೆ, ಅಥವಾ ಗೊರಕೆಯ ನಡುವೆ ಉಸಿರು ನಿಲ್ಲುತ್ತಿದ್ದರೆ ವೈದ್ಯರಿಗೆ ತೋರಿಸಬೇಕು. ಇಂಥ ವಾಕ್ಯಗಳಲ್ಲಿ ‘ಪಾರ್ಶ್ವವಾಯು’ ಇಟ್ಟು ಓದಿ ನೋಡಿ, ‘ಅಪಾಯವಿಲ್ಲ’ ಎಂದದ್ದನ್ನು ಯಾರೂ ನಂಬುವುದಿಲ್ಲ.

ಸದ್ಯಕ್ಕೆ ‘ನಿದ್ದೆಯಲ್ಲಿ ಮೈ ಕಟ್ಟುವುದು’ ಎಂದು ಬರೆದು, ಪಕ್ಕದಲ್ಲಿ ಸ್ಲೀಪ್ ಪ್ಯಾರಾಲಿಸಿಸ್ ಎಂದು ಹಾಕಿದ್ದೇನೆ. ಇದಕ್ಕಿಂತ ಚಿಕ್ಕ ನಾಮಪದ ಯಾರಿಗಾದರೂ ಹೊಳೆಯುತ್ತದೆಯೇ? ನಿಮ್ಮ ಕಡೆಯ ಆಡುಮಾತಿನಲ್ಲಿ ದೆವ್ವದ ಹೆಸರಿಲ್ಲದೆ ಇದನ್ನು ಹೇಳುವ ಮಾತು ಇದ್ದರೆ, ಅದನ್ನು ಹೇಗೆ ಬಳಸುತ್ತಾರೆ ಎಂಬ ಒಂದು ವಾಕ್ಯದ ಜೊತೆಗೆ ದಯವಿಟ್ಟು ತಿಳಿಸಿ.