ಟೇಪ್ ಕಂಡದ್ದು ವಾಚ್‌ಮನ್‌ಗೆ, ಕಥೆ ಮಾತ್ರ ಬೇರೆಯವರದ್ದು ಯಾಕೆ?

ರಾತ್ರಿಪಾಳಿ:
ನಿನ್ನೆ 'ಆಲ್ ದ ಪ್ರೆಸಿಡೆಂಟ್ಸ್ ಮೆನ್' (1976) ಮತ್ತೆ ನೋಡಿದೆ. ಅಮೆರಿಕದ ಅಧ್ಯಕ್ಷ ನಿಕ್ಸನ್ ರಾಜೀನಾಮೆಗೆ ಕಾರಣವಾದ ವಾಟರ್‌ಗೇಟ್ ಹಗರಣವನ್ನು ಇಬ್ಬರು ವರದಿಗಾರರು ಬಯಲಿಗೆಳೆದ ಕಥೆ. ಶುರುವಿನಲ್ಲೇ, ವಿರೋಧ ಪಕ್ಷದ ಕಚೇರಿ ಇದ್ದ ವಾಟರ್‌ಗೇಟ್ ಕಟ್ಟಡದ ಕಪ್ಪು ಜನಾಂಗದ ವಾಚ್‌ಮನ್ ಒಬ್ಬರು ಬರುತ್ತಾರೆ. ಬಾಗಿಲಿನ ಲಾಕ್ ಬೀಳದ ಹಾಗೆ ಟೇಪ್ ಅಂಟಿಸಿರುವುದು ಕಣ್ಣಿಗೆ ಬೀಳುತ್ತದೆ, ಪೊಲೀಸರಿಗೆ ಫೋನ್ ಮಾಡುತ್ತಾರೆ. ಅಷ್ಟೇ, ಆಮೇಲೆ ಎರಡು ಗಂಟೆ ಅವರ ಸುಳಿವೇ ಇಲ್ಲ. ಅವರು ನಟ ಅಲ್ಲ, 1972ರ ಜೂನ್ 17ರ ರಾತ್ರಿ ನಿಜವಾಗಿ ಆ ಟೇಪ್ ಕಂಡ ಫ್ರಾಂಕ್ ವಿಲ್ಸ್ ಅವರೇ! ಆಗ ಅವರಿಗೆ 24 ವರ್ಷ. ಮೊದಲ ಸಲ ಟೇಪ್ ಕಿತ್ತು ಹಾಕಿ ಸುಮ್ಮನಾಗಿದ್ದರು, ಇನ್ನೊಂದು ಸುತ್ತು ಬಂದಾಗ ಮತ್ತೆ ಟೇಪ್ ಇತ್ತು. ಆ ಎರಡನೇ ಟೇಪ್ ನೋಡಿ ಅನುಮಾನ ಬಂದಿದ್ದಕ್ಕೇ ಆ ಕಚೇರಿಗೆ ನುಗ್ಗಿದ್ದವರು ಸಿಕ್ಕಿಬಿದ್ದರು, ಮುಂದಿನದ್ದೆಲ್ಲ ಆಯಿತು. ಪೊಲಿಟಿಕಲ್ ಥ್ರಿಲ್ಲರ್‌ಗಳಲ್ಲಿ ಸತ್ಯ ಪತ್ತೆ ಹಚ್ಚುವ ಕೆಲಸ ಯಾವಾಗಲೂ ಬಿಳಿ ಗಂಡಸರಿಗೇ ಸಿಗುವುದು ಯಾಕೆ?

ಹಳೇ ಟಾಕೀಸ್:
ಅದು ಆ ಇಬ್ಬರು ವರದಿಗಾರರೇ ಬರೆದ ಪುಸ್ತಕದ ಸಿನಿಮಾ. ಅವರು ಹೋದ ಕಡೆ ಕ್ಯಾಮೆರಾ ಹೋಗುತ್ತದೆ. ವಾಚ್‌ಮನ್ ಪಾತ್ರಕ್ಕೆ ವಿಲ್ಸ್ ಅವರನ್ನೇ ಕರೆದಿದ್ದು ಒಳ್ಳೆಯ ಕೆಲಸ ಅನ್ನಿಸುತ್ತದೆ ನನಗೆ.

ಶಾಲ್ಮಲೆ:
ಒಪ್ಪಲ್ಲ. ಆ ವರದಿಗಾರರ ಪತ್ರಿಕೆ 'ವಾಷಿಂಗ್ಟನ್ ಪೋಸ್ಟ್'ನ ಒಡತಿ ಕ್ಯಾಥರೀನ್ ಗ್ರಹಾಂ ಅವರೂ ಅದರಲ್ಲಿ ಒಂದು ದೃಶ್ಯದಲ್ಲೂ ಇಲ್ಲ. ಸುದ್ದಿ ಸುಳ್ಳಾಗಿದ್ದರೆ ಮುಳುಗುತ್ತಿದ್ದದ್ದು ಅವರ ಪತ್ರಿಕೆ ಅಲ್ವಾ? ಅವರು ಕಥೆಯ ನಡುವೆ ನಿಲ್ಲೋಕೆ 2017ರ 'ದ ಪೋಸ್ಟ್' ಬರಬೇಕಾಯಿತು. 'ಆಲ್ ದ ಪ್ರೆಸಿಡೆಂಟ್ಸ್ ಮೆನ್'ನಲ್ಲೇ, ನಿಕ್ಸನ್ ಚುನಾವಣಾ ಸಮಿತಿಯ ಲೆಕ್ಕ ಬರೆಯುವ ಹೆಂಗಸಿನ ಪಾತ್ರದ ಜೇನ್ ಅಲೆಕ್ಸಾಂಡರ್ ಅವರನ್ನು ನೋಡಿ. ಹೆದರಿಕೊಂಡು ಕೂತಿರುತ್ತಾರೆ, ಅರ್ಧರ್ಧ ಮಾತಾಡುತ್ತಾರೆ, ಹೆಸರಿನ ಬದಲು ಬರೀ ಇನಿಷಿಯಲ್ ಬಾಯಿಂದ ಬರುತ್ತದೆ. ಇಡೀ ಸಿನಿಮಾದಲ್ಲಿ ನನ್ನ ಎದೆ ಹೊಡೆದುಕೊಂಡಿದ್ದು ಅಲ್ಲೇ. ಆದರೆ ಗೊತ್ತಿರುವುದು ಅವರಿಗೆ, ಗೆಲ್ಲುವುದು ಬರೆದುಕೊಂಡವರು. ಹೆಂಗಸರ ಪಾತ್ರ ಎಷ್ಟಿದೆ ಅಂತ ಎಣಿಸಿದರೆ ಈ ಅನ್ಯಾಯ ಕಾಣಲ್ಲ.

ಕೆಂಪುಹಂಚು:
'ದ ಸ್ಪೂಕ್ ಹೂ ಸ್ಯಾಟ್ ಬೈ ದ ಡೋರ್' (1973) ಹುಡುಕಿ ನೋಡಿ, ದಯವಿಟ್ಟು. ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ ತೋರಿಕೆಗೆ ಒಬ್ಬ ಕಪ್ಪು ಅಧಿಕಾರಿಯನ್ನು ಸೇರಿಸಿಕೊಳ್ಳುತ್ತದೆ, ತರಬೇತಿಯೆಲ್ಲ ಕೊಟ್ಟು ಕೊನೆಗೆ ಜೆರಾಕ್ಸ್ ವಿಭಾಗದಲ್ಲಿ ಕೂರಿಸುತ್ತದೆ. ಆತ ಕೆಲಸ ಬಿಟ್ಟು ಶಿಕಾಗೋಗೆ ಹೋಗಿ, ಕಲಿತದ್ದನ್ನೆಲ್ಲ ಅಲ್ಲಿನ ಹುಡುಗರಿಗೆ ಕಲಿಸುತ್ತಾನೆ. ನಿರ್ದೇಶಕ ಐವನ್ ಡಿಕ್ಸನ್, ಕಾದಂಬರಿ ಸ್ಯಾಮ್ ಗ್ರೀನ್ಲೀ ಅವರದ್ದು, ಇಬ್ಬರೂ ಕಪ್ಪು ಜನಾಂಗದವರೇ. ಅದಕ್ಕೇ ಆ ಜೆರಾಕ್ಸ್ ಕೋಣೆಯ ಅವಮಾನ ಅಷ್ಟು ಸರಿಯಾಗಿ ಬಂದಿದೆ. ಚಿತ್ರಮಂದಿರಗಳಿಂದ ಬೇಗ ತೆಗೆದುಬಿಟ್ಟರು. 2012ರಲ್ಲಿ, ಉಳಿಸಿಡಬೇಕಾದ ಸಿನಿಮಾಗಳ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿತು. ಪರದೆ ಮೇಲೆ ಯಾರು ಅನ್ನೋದಕ್ಕಿಂತ ಬರೆಯುವವರು ಯಾರು ಅನ್ನೋದೇ ನನಗೆ ಜಾಸ್ತಿ ಮುಖ್ಯ.

ಬೆಳಗಿನ ಬಸ್ಸು:
ನಮ್ಮಲ್ಲೂ ನೋಡಿ. ಶಂಕರ್ ನಾಗ್ ಅವರ 'ಆಕ್ಸಿಡೆಂಟ್' (1985) ನನಗೆ ಪ್ರಾಣ. ಫುಟ್‌ಪಾತ್ ಮೇಲೆ ಮಲಗಿದವರ ಮೇಲೆ ರಾಜಕಾರಣಿಯ ಮಗ ಕಾರು ಹರಿಸುತ್ತಾನೆ, ಬೆನ್ನು ಹತ್ತುವುದು ಪತ್ರಕರ್ತ. ಅಲ್ಲಿ ಮಲಗಿದ್ದವರ ಮನೆಯವರೇ ಬೆನ್ನು ಹತ್ತಿದ್ದರೆ ಹೇಗಿರುತ್ತಿತ್ತು ಅಂತ ಪ್ರತಿ ಸಲ ಅನ್ನಿಸುತ್ತದೆ. ನಮ್ಮಪ್ಪ 19 ವರ್ಷ ಫ್ಯಾಕ್ಟರಿ ಗೇಟಿನಲ್ಲಿ ರಾತ್ರಿ ವಾಚ್‌ಮನ್. ಯಾವ ಲಾರಿ ಎಷ್ಟು ಗಂಟೆಗೆ ಬಂತು, ಯಾರು ಹಿಂದಿನ ಬಾಗಿಲಿನಿಂದ ಹೋದರು, ಎಲ್ಲ ಅವರ ಪುಸ್ತಕದಲ್ಲಿರುತ್ತಿತ್ತು. ಒಬ್ಬರೂ ಅವರನ್ನು ಏನೂ ಕೇಳಲಿಲ್ಲ.

ರಾತ್ರಿಪಾಳಿ:
ನಿಮ್ಮಪ್ಪನ ವಿಷಯ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ವಿಲ್ಸ್ 2000ದಲ್ಲಿ ತೀರಿಕೊಂಡರು, ಕಡು ಬಡತನದಲ್ಲಿ, 52 ವರ್ಷಕ್ಕೇ. ಶಾಲ್ಮಲೆ ಅವರೇ, ನೀವು ಹೇಳಿದ 'ದ ಪೋಸ್ಟ್' ಮುಗಿಯುವುದೂ ಅದೇ ವಾಟರ್‌ಗೇಟ್ ಕಟ್ಟಡದಲ್ಲಿ. ಟಾರ್ಚ್ ಹಿಡಿದ ವಾಚ್‌ಮನ್ ಕತ್ತಲಲ್ಲಿ ಬಾಗಿಲ ಹತ್ತಿರ ಬರುತ್ತಾರೆ, ಟೇಪ್ ಕಾಣುತ್ತದೆ, ಅಲ್ಲಿಗೆ ಸಿನಿಮಾ ಮುಗಿಯುತ್ತದೆ.